ಇಸ್ಕೊಂಡೋನು ಈರಭದ್ರ

ಊರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: “ನಿಮಗೇನು ಸ್ವಾಮಿ, ಮ್ಯಾಗ್ನಾ ಕಾರ್ಟಾದ ದೇಶದಲ್ಲಿದ್ದೀರಿ. ಅಲ್ಲಿ ಬೀದಿಯಲ್ಲಿ ನಿಂತು ಪ್ರಧಾನಿಯನ್ನೂ ಬೈಯಬಹುದಂತೆ.” ಬೈಯಬಹುದು, ನಿಜ. ಆದರೆ ಎಲ್ಲಿ ನಿಂತು, ಎಷ್ಟು ಹೊತ್ತು, ಎಷ್ಟು ಗಟ್ಟಿಯಾಗಿ ಎಂಬುದಕ್ಕೆಲ್ಲ ಈಗ ಕಾಯ್ದೆಗಳಿವೆ. ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿ ಇಪ್ಪತ್ತೈದು ವರ್ಷಗಳಿಂದ ಲೆಕ್ಕ ಬರೆದು ಬದುಕಿರುವ, ತೆರಿಗೆ ಕಟ್ಟಿ ತಪ್ಪದೆ ಓಟು ಹಾಕುವ ಮನುಷ್ಯ ನಾನು. ಮೆರವಣಿಗೆಯ ಆಸಾಮಿಯಲ್ಲ. ಆದರೂ ಅಲ್ಲಿನ ರಾಜಕೀಯವನ್ನು ನೆನೆದರೆ ಮೈ ಉರಿಯುತ್ತದೆ.

ಅಲ್ಲಿ ಸರ್ಕಾರ ಪ್ರಜೆಯ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವುದಿಲ್ಲ. ಕೈಗಡ ಕೇಳುತ್ತದೆ. ಈಗ ಕಷ್ಟಕಾಲ, ಸ್ವಲ್ಪ ದಿನದ ಮಟ್ಟಿಗೆ ಕೊಡಿ ಎನ್ನುತ್ತದೆ. ಕೊಟ್ಟೋನು ಕೋಡಂಗಿ. ಸಾಲ ಮಾಡಿದ ಪಕ್ಷವನ್ನು ಚುನಾವಣೆಯಲ್ಲಿ ಸೋಲಿಸಿದಿರೋ, ಗೆದ್ದು ಬಂದ ಪಕ್ಷ ಹಳೆಯ ಸಾಲದ ಸುದ್ದಿಯನ್ನೇ ಎತ್ತುವುದಿಲ್ಲ. ಮನೆಯ ಜೊತೆಗೆ ತಿಜೋರಿಯನ್ನೂ ವಹಿಸಿಕೊಂಡು ಸುಮ್ಮನಿರುತ್ತದೆ.

1994ರಲ್ಲಿ ಕನ್ಸರ್ವೇಟಿವ್ ಸರ್ಕಾರ ಒಂದು ಕಾಯ್ದೆ ತಂದಿತು. ಅದರ ಅರವತ್ತನೆಯ ಕಲಮಿನ ಪ್ರಕಾರ, ಒಂದು ಪ್ರದೇಶದಲ್ಲಿ ಗಲಭೆಯಾಗಬಹುದು ಎಂದು ಪೊಲೀಸ್ ಅಧಿಕಾರಿಗೆ ಅನ್ನಿಸಿದರೆ, ಅಲ್ಲಿ ಓಡಾಡುವ ಯಾರನ್ನು ಬೇಕಾದರೂ, ಆ ವ್ಯಕ್ತಿಯ ಮೇಲೆ ಅನುಮಾನವಿರಲಿ ಬಿಡಲಿ, ನಿಲ್ಲಿಸಿ ಜೇಬು ತಡಕಬಹುದು. ವಿರೋಧ ಪಕ್ಷದಲ್ಲಿದ್ದ ಲೇಬರ್, ಮಸೂದೆಯ ಎರಡನೆಯ ವಾಚನದಲ್ಲಿ ಬೇಡವೆಂದೂ ಹೇಳಲಿಲ್ಲ, ಬೇಕೆಂದೂ ಹೇಳಲಿಲ್ಲ. ಮತ ಹಾಕದೆ ಕೂತಿತು. ಆಗ ಆ ಪಕ್ಷದ ಗೃಹ ವಕ್ತಾರರಾಗಿದ್ದವರು ಟೋನಿ ಬ್ಲೇರ್. 1997ರಲ್ಲಿ ಅವರೇ ಪ್ರಧಾನಿಯಾದರು, ಅವರ ಪಕ್ಷ ಹದಿಮೂರು ವರ್ಷ ಆಳಿತು. ಕಲಮು ಹಾಗೆಯೇ ಉಳಿಯಿತು. ಜೊತೆಗೆ 2000ದ ಭಯೋತ್ಪಾದನಾ ಕಾಯ್ದೆಯಲ್ಲಿ ಅದಕ್ಕೊಬ್ಬ ತಮ್ಮ ಹುಟ್ಟಿದ, ನಲವತ್ತನಾಲ್ಕನೆಯ ಕಲಮು. 2009-10ರ ಒಂದೇ ವರ್ಷದಲ್ಲಿ ಅದರಡಿ ಒಂದು ಲಕ್ಷಕ್ಕೂ ಹೆಚ್ಚು ಸಲ ಜನರನ್ನು ತಡೆದು ತಡಕಿದರು. ಭಯೋತ್ಪಾದನೆಯ ಆರೋಪದ ಮೇಲೆ ಬಂಧಿತರಾದವರು ಎಷ್ಟು? ಒಬ್ಬರೂ ಇಲ್ಲ. ಕೊನೆಗೆ ಅದು ಸಲ್ಲದು ಎಂದು 2010ರ ಜನವರಿಯಲ್ಲಿ ಹೇಳಿದ್ದು ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ.

ಇಂಥ ಕಾಯ್ದೆಗಳು ಯಾರ ಮೇಲೆ ಬೀಳುತ್ತವೆ ಎನ್ನುವುದಕ್ಕೆ ವಾಲ್ಟರ್ ವುಲ್ಫ್‌ಗ್ಯಾಂಗರ ಕತೆ ಸಾಕು. ಹಿಟ್ಲರನ ಜರ್ಮನಿಯಿಂದ ಹುಡುಗನಾಗಿದ್ದಾಗ ತಪ್ಪಿಸಿಕೊಂಡು ಬಂದವರು, ದಶಕಗಳ ಕಾಲ ಲೇಬರ್ ಪಕ್ಷದ ಸದಸ್ಯರು. 2005ರಲ್ಲಿ ಬ್ರೈಟನ್ನಿನ ಪಕ್ಷದ ಸಮ್ಮೇಳನದಲ್ಲಿ ವಿದೇಶಾಂಗ ಸಚಿವರು ಇರಾಕ್ ಯುದ್ಧವನ್ನು ಸಮರ್ಥಿಸುತ್ತಿದ್ದಾಗ ಈ 82ರ ಮುದುಕರು ಕೂತಲ್ಲಿಂದಲೇ ‘ಅಸಂಬದ್ಧ’ ಎಂದು ಕೂಗಿದರು. ಅವರನ್ನು ಎತ್ತಿ ಹೊರಹಾಕಿದರು. ತಿರುಗಿ ಒಳಗೆ ಹೋಗಲು ನೋಡಿದಾಗ ಪೊಲೀಸರು ತಡೆದದ್ದು ಯಾವ ಕಾಯ್ದೆಯ ಬಲದಿಂದ? ಭಯೋತ್ಪಾದನಾ ಕಾಯ್ದೆಯ ಬಲದಿಂದ! ಪಕ್ಷ ಆಮೇಲೆ ಕ್ಷಮೆ ಕೇಳಿತು. ಕ್ಷಮೆ ಕೇಳುವುದರಲ್ಲಿ ಅಲ್ಲಿನವರನ್ನು ಮೀರಿಸುವವರಿಲ್ಲ.

ಒಂದು ಸಾಲ ಮಾತ್ರ ವಾಪಸು ಬಂದಿತ್ತು, ಸುಳ್ಳು ಹೇಳಬಾರದು. ಲೇಬರ್ 2006ರಲ್ಲಿ ತಂದ ರಾಷ್ಟ್ರೀಯ ಗುರುತು ಚೀಟಿಯ ಕಾಯ್ದೆಯನ್ನು 2010ರಲ್ಲಿ ಬಂದ ಸಮ್ಮಿಶ್ರ ಸರ್ಕಾರ ರದ್ದು ಮಾಡಿತು. ಜನರ ವಿವರ ತುಂಬಿದ ಹಾರ್ಡ್ ಡಿಸ್ಕುಗಳನ್ನು 2011ರಲ್ಲಿ ಯಂತ್ರಕ್ಕೆ ಹಾಕಿ ಚೂರು ಮಾಡಿದರು. ಹದಿನೈದು ವರ್ಷ ತುಂಬುವ ಮೊದಲೇ, 2025ರ ಸೆಪ್ಟೆಂಬರಿನಲ್ಲಿ, ಹಿಂದೆ ಮಾನವ ಹಕ್ಕುಗಳ ವಕೀಲರಾಗಿದ್ದ ಲೇಬರ್ ಪ್ರಧಾನಿ ಕೀರ್ ಸ್ಟಾರ್ಮರ್, ಕೆಲಸಕ್ಕೆ ಸೇರುವವರಿಗೆಲ್ಲ ಡಿಜಿಟಲ್ ಗುರುತು ಕಡ್ಡಾಯ ಎಂದು ಸಾರಿದರು. ಬೇಡವೆಂಬ ಅರ್ಜಿಗೆ 25 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿತು. ನಾನೂ ಹಾಕಿದೆ.

ಆದರೆ ನನ್ನನ್ನು ಹೆಚ್ಚು ಕೆರಳಿಸಿದ್ದು 2023ರ ಸಂಗತಿ. ಆ ಮೇ 3ರಂದು ಹೊಸ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆ ಜಾರಿಗೆ ಬಂತು. ಮೂರೇ ದಿನಕ್ಕೆ ದೊರೆಯ ಪಟ್ಟಾಭಿಷೇಕ. ರಾಜ ಬೇಡ ಎನ್ನುವ ಸಂಘದವರು ಪೊಲೀಸರೊಡನೆ ಮೊದಲೇ ಮಾತಾಡಿಕೊಂಡು ಫಲಕಗಳನ್ನು ತಂದಿದ್ದರು. ಅವನ್ನು ಕಟ್ಟಿದ್ದ ಪಟ್ಟಿಗಳನ್ನು ಕಂಡು, ಇವರು ತಮ್ಮನ್ನು ಕಂಬಕ್ಕೆ ಬಿಗಿದುಕೊಳ್ಳುವ ಹವಣಿಕೆಯಲ್ಲಿದ್ದಾರೆ ಎಂದು ಆರು ಮಂದಿಯನ್ನು ಹಿಡಿದು ದಿನವಿಡೀ ಕೂಡಿಹಾಕಿದರು. ನಡುರಾತ್ರಿ ಹೆಣ್ಣುಮಕ್ಕಳಿಗೆ ಅಪಾಯದ ಗಂಟೆಗಳನ್ನು ಹಂಚುತ್ತಿದ್ದ ನಗರಸಭೆಯ ಸ್ವಯಂಸೇವಕರನ್ನೂ ಬಿಡಲಿಲ್ಲ. ಆಮೇಲೆ ಎಂದಿನಂತೆ ವಿಷಾದ.

ಅದಕ್ಕಿಂತ ದೊಡ್ಡದು ತೆರೆಮರೆಯಲ್ಲಿ ನಡೆಯಿತು. ಹಳೆಯ ಕಾಯ್ದೆಯಲ್ಲಿ ಪ್ರತಿಭಟನೆಯಿಂದ ‘ಗಂಭೀರ’ ಅಡಚಣೆಯಾಗುವಂತಿದ್ದರೆ ಪೊಲೀಸರು ಷರತ್ತು ಹಾಕಬಹುದಿತ್ತು. ಗಂಭೀರ ಎಂದರೆ ‘ಅಲ್ಪಕ್ಕಿಂತ ಹೆಚ್ಚು’ ಎಂದು ಅರ್ಥ ಮಾಡಬೇಕೆಂದು ಸರ್ಕಾರ ಹೊರಟಿತು. ನಮ್ಮ ಕಡೆ ಒಂದು ಮದುವೆ ದಿಬ್ಬಣ ಹೊರಟರೂ ಅದು ಅಲ್ಪಕ್ಕಿಂತ ಹೆಚ್ಚೇ. ಲಾರ್ಡ್ಸ್ ಸಭೆ ಇದನ್ನು ತಿರಸ್ಕರಿಸಿತು. ಗೃಹ ಸಚಿವರು ಅದನ್ನೇ ಜೂನಿನಲ್ಲಿ ಬರೀ ನಿಯಮಾವಳಿಯ ರೂಪದಲ್ಲಿ ಹಿಂಬಾಗಿಲಿನಿಂದ ತಂದರು. ಸುಗ್ರೀವಾಜ್ಞೆಗಳನ್ನು ಕಂಡು ಬೆಳೆದ ನಮಗೆ ಈ ಬಾಗಿಲು ಪರಿಚಿತ. 2024ರ ಮೇ ತಿಂಗಳಲ್ಲಿ ಹೈಕೋರ್ಟು ಇದು ಕಾನೂನುಬಾಹಿರ ಎಂದಿತು. ಸರ್ಕಾರ ಮೇಲ್ಮನವಿ ಹಾಕಿತು. ಅಷ್ಟರಲ್ಲಿ ಜುಲೈ ಚುನಾವಣೆ. ಮೂಲ ಮಸೂದೆಯ ವಿರುದ್ಧ ಮತ ಹಾಕಿದ್ದ ಲೇಬರ್ ಗೆದ್ದಿತು. ಮೇಲ್ಮನವಿ ಕೈಬಿಟ್ಟರೇ? ಇಲ್ಲ. ಎದುರಾಳಿ ಹೂಡಿದ ದಾವೆಯನ್ನು ತಮ್ಮದೆಂಬಂತೆ ನಡೆಸಿ, 2025ರ ಮೇ ತಿಂಗಳಲ್ಲಿ ಸೋತರು.

ರಸ್ತೆಯಲ್ಲಿ ಮಲಗಿ ಆಂಬುಲೆನ್ಸ್ ತಡೆಯುವವರನ್ನು ಏನು ಮಾಡಬೇಕು ಎಂದು ಕೇಳುವವರಿದ್ದಾರೆ. ರಸ್ತೆ ತಡೆಯುವುದು 1980ರ ಹೆದ್ದಾರಿ ಕಾಯ್ದೆಯಲ್ಲೇ ಅಪರಾಧ. ವಾಯುನೆಲೆಗೆ ನುಗ್ಗಿ ವಿಮಾನಕ್ಕೆ ಬಣ್ಣ ಎರಚಿದರೆ ಅದಕ್ಕೂ ಬೇರೆ ಕಾಯ್ದೆ ಇದೆ. ಅದನ್ನು ಬಿಟ್ಟು, ಹಾಗೆ ಮಾಡಿದ ಪ್ಯಾಲೆಸ್ಟೈನ್ ಆ್ಯಕ್ಷನ್ ಗುಂಪನ್ನು 2025ರ ಜುಲೈನಲ್ಲಿ ಭಯೋತ್ಪಾದಕರ ಪಟ್ಟಿಗೆ ಸೇರಿಸಿದರು. ಥೇಮ್ಸ್ ದಂಡೆಯಲ್ಲಿ ಪಾರ್ಲಿಮೆಂಟಿನ ಆಚೆ ದಡಕ್ಕೆ 2015ರಿಂದ ಬಸವಣ್ಣನವರ ಪ್ರತಿಮೆಯಿದೆ. ಊರಿಂದ ಬಂದವರೆಲ್ಲ ಅಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ಸೇತುವೆ ದಾಟಿದರೆ ಸಿಗುವ ಚೌಕದಲ್ಲಿ ಆ ಆಗಸ್ಟ್ 9ರಂದು, ಗುಂಪನ್ನು ಬೆಂಬಲಿಸುವ ಫಲಕ ಹಿಡಿದು ಸುಮ್ಮನೆ ಕೂತಿದ್ದಕ್ಕೆ 500ಕ್ಕೂ ಹೆಚ್ಚು ಜನರನ್ನು ಹಿಡಿದರು. ಅರ್ಧದಷ್ಟು ಮಂದಿ ಅರವತ್ತು ದಾಟಿದವರು. ಆ ಗುಂಪಿನ ದಾರಿ ನನಗೂ ಒಪ್ಪಿಗೆಯಿಲ್ಲ. ಆದರೆ ಫಲಕ ಹಿಡಿದ ಅಜ್ಜಿ ಭಯೋತ್ಪಾದನಾ ಕಾಯ್ದೆಯ ಆರೋಪಿ ಎಂದರೆ ನಂಬುವುದು ಹೇಗೆ?

ಓಟಿನಲ್ಲಿ ಬುದ್ಧಿ ಕಲಿಸಿ ಎನ್ನುತ್ತೀರಿ. 2024ರಲ್ಲಿ ಲೇಬರ್ ಪಡೆದದ್ದು ಚಲಾವಣೆಯಾದ ಮತಗಳಲ್ಲಿ ನೂರಕ್ಕೆ 34ರ ಒಳಗೆ. ಸಿಕ್ಕಿದ್ದು 650ರಲ್ಲಿ 411 ಸ್ಥಾನ. ಈ ಲೆಕ್ಕಾಚಾರ ನಮ್ಮವರಿಗೂ ಹೊಸದಲ್ಲ, ಅವರಿಂದಲೇ ಕಲಿತದ್ದು. ಓಟು ಹಾಕಲೂ 2023ರಿಂದ ಇಂಗ್ಲೆಂಡಿನಲ್ಲಿ ಫೋಟೋ ಇರುವ ದಾಖಲೆ ಬೇಕು. ನಮ್ಮಲ್ಲೂ ಬೇಕಲ್ಲ ಎನ್ನಬೇಡಿ. ನಮ್ಮಲ್ಲಿ ಮತದಾರರ ಚೀಟಿಯನ್ನು ಸರ್ಕಾರವೇ ಮಾಡಿಸಿಕೊಡುತ್ತಾ ಬಂದಿದೆ. ಅಲ್ಲಿ ಎಲ್ಲರ ಕೈಯಲ್ಲೂ ಇರುವ ಅಂಥ ಚೀಟಿಯೇ ಇಲ್ಲ. ಆ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಪಕ್ಕದ ಮನೆಯ ಅಜ್ಜನ ಬಸ್ ಪಾಸು ನಡೆಯಿತು, ನನ್ನ ಮಗಳ ಕಾಲೇಜಿನ ಗುರುತು ಚೀಟಿ ನಡೆಯಲಿಲ್ಲ. ಅವಳಂತೆ ಕನಿಷ್ಠ 14,000 ಮಂದಿ ಮತಗಟ್ಟೆಯಿಂದ ಓಟು ಹಾಕದೆ ಹಿಂದಿರುಗಿದರು ಎಂದು ಚುನಾವಣಾ ಆಯೋಗವೇ ಹೇಳಿತು.

ನಮ್ಮ ಕ್ಷೇತ್ರದ ಪಾರ್ಲಿಮೆಂಟ್ ಸದಸ್ಯರಿಗೆ ಎರಡು ಸಲ ಕಾಗದ ಬರೆದೆ: 2023ರಲ್ಲಿ ಒಬ್ಬರಿಗೆ, 2025ರಲ್ಲಿ ಅವರನ್ನು ಸೋಲಿಸಿ ಬಂದವರಿಗೆ. ಪಕ್ಷ ಬೇರೆ, ಲೆಟರ್‌ಹೆಡ್ಡಿನ ಬಣ್ಣ ಬೇರೆ. ಒಳಗಿನ ಮಾತು ಒಂದೇ: ಸಾರ್ವಜನಿಕರ ಅನುಕೂಲಕ್ಕೂ ಪ್ರತಿಭಟನೆಯ ಹಕ್ಕಿಗೂ ನಡುವೆ ಸಮತೋಲನ ಸಾಧಿಸಬೇಕಾಗುತ್ತದೆ, ತಾವು ಬರೆದದ್ದಕ್ಕೆ ಧನ್ಯವಾದ. ಹೋದ ವಾರ ಮೂರನೆಯ ಕಾಗದ ಹಾಕಿದ್ದೇನೆ. ಈ ಸಲ ದೂರಿಲ್ಲ, ವಿವರಣೆಯಿಲ್ಲ, ಒಂದೇ ಪ್ರಶ್ನೆ: 1994ರ ಕಾಯ್ದೆಯ ಅರವತ್ತನೆಯ ಕಲಮನ್ನು ಯಾವ ತಾರೀಖಿಗೆ ವಾಪಸು ಕೊಡುತ್ತೀರಿ?