ಬೀಗ ಹಾಕಿದವಳು ನಾನೇ

ಕೋಲಾರ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ಬಹಿರಂಗ ಪತ್ರ

ಮಾನ್ಯರೇ,

ಬಂಗಾರಪೇಟೆಯಿಂದ ಕವಲೊಡೆದ ರೈಲುಹಳಿ ನಮ್ಮ ಮಾರಿಕುಪ್ಪಂನಲ್ಲಿ ಮುಗಿಯುತ್ತದೆ. ಬೆಳಗಿನ ರೈಲಿನಲ್ಲಿ ಊಟದ ಡಬ್ಬಿ ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರನ್ನು ತಾವು ನೋಡಿರಬಹುದು. ಎಷ್ಟೋ ಮನೆಗಳಲ್ಲಿ ಇರುವ ಒಂದೇ ಸ್ಮಾರ್ಟ್‌ಫೋನ್ ಅವರ ಜೇಬಿನಲ್ಲೇ ಹೋಗುತ್ತದೆ. ಶಾಲೆಯವರು ವಾಟ್ಸಾಪಿಗೆ ಹಾಕಿದ ಪಾಠವೂ ಫೋನಿನ ಜೊತೆ ಬೆಂಗಳೂರು ನೋಡಿಕೊಂಡು, ಮಗು ತೂಕಡಿಸುವ ಹೊತ್ತಿಗೆ ಮನೆಗೆ ಬರುತ್ತದೆ. ಇಂಥ ಮಗುವಿನ ಕೈಗೆ ಕಂಪ್ಯೂಟರ್ ಸಿಗಬೇಕಾದರೆ ಅದು ಶಾಲೆಯಲ್ಲೇ ಸಿಗಬೇಕು.

ನಾನು ಸರಕಾರಿ ಪ್ರೌಢಶಾಲೆಯೊಂದರ ನಿವೃತ್ತ ಮುಖ್ಯ ಶಿಕ್ಷಕಿ. ನನ್ನ ಶಾಲೆಯಲ್ಲಿ ಕಂಪ್ಯೂಟರ್ ಲ್ಯಾಬ್ ಇತ್ತು. ಅದಕ್ಕೆ ಬೀಗ ಹಾಕಿ ಕೀಲಿಕೈಯನ್ನು ಬೀರುವಿನಲ್ಲಿ ಇಟ್ಟವಳು ನಾನೇ. ಮೌಸ್ ಒಂದು ಕಾಣೆಯಾದರೂ, ಬ್ಯಾಟರಿ ಕೆಟ್ಟರೂ ದಾಸ್ತಾನು ಪುಸ್ತಕದ ಮುಂದೆ ನಿಂತು ಉತ್ತರ ಹೇಳಬೇಕಾದವಳು ನಾನು. ಹಿಂದಿನವರು ಚಾರ್ಜ್ ಕೊಡುವಾಗ ಇಬ್ಬರೂ ಕೂತು ವೈರುಗಳನ್ನೂ ಎಣಿಸಿದ್ದೆವು. ಲೆಕ್ಕ ತಾಳೆಯಾಗದೆ ನಿವೃತ್ತಿಯ ಕಾಗದ ತಿಂಗಳುಗಟ್ಟಲೆ ಮುಂದಕ್ಕೆ ಹೋಗಿದ್ದ ಸಹೋದ್ಯೋಗಿಯೊಬ್ಬರ ಪಾಡು ಕಣ್ಣ ಮುಂದಿತ್ತು. ಮುಚ್ಚಿಟ್ಟ ಲ್ಯಾಬಿಗೆ ಯಾವ ಆಡಿಟ್ಟಿನಲ್ಲೂ ಆಕ್ಷೇಪಣೆ ಬರಲಿಲ್ಲ. ಆದರೆ ಆ ವರ್ಷಗಳಲ್ಲಿ ಹತ್ತನೆಯ ತರಗತಿ ಮುಗಿಸಿ ಹೋದ ಮಕ್ಕಳ ಮುಖ ನೆನೆದರೆ ನನಗೆ ಇವತ್ತಿಗೂ ನೋವಾಗುತ್ತದೆ.

ನನ್ನ ತಂದೆ ಇಲ್ಲಿಯ ಕೋಲಾರ ಚಿನ್ನದ ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸಗಾರರು. ಪಾಳಿಗೆ ಇಳಿಯುವ ಮುಂಚೆ ಲ್ಯಾಂಪ್ ರೂಮಿನಲ್ಲಿ ದೀಪ ತೆಗೆದುಕೊಳ್ಳುತ್ತಿದ್ದರು, ಮೇಲೆ ಬಂದು ಒಪ್ಪಿಸುತ್ತಿದ್ದರು. ಕೆಟ್ಟ ದೀಪವನ್ನು ಸರಿಮಾಡುವವರು ಅಲ್ಲೇ ಇರುತ್ತಿದ್ದರಂತೆ. ಒಡೆದೀತೆಂದು ಆ ರೂಮಿಗೆ ಬೀಗ ಜಡಿದಿದ್ದರೆ ಒಬ್ಬರೂ ಕೆಳಗೆ ಇಳಿಯುವಂತಿರಲಿಲ್ಲ. ಇದು ನನಗೆ ಹೊಳೆದದ್ದು ನಿವೃತ್ತಿಯ ನಂತರ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಹೆಚ್ಚುಕಡಿಮೆ ಅದೇ ಕಾಲಕ್ಕೆ ರಾಜ್ಯದಲ್ಲಿ ಮಾಹಿತಿ ಸಿಂಧು ಯೋಜನೆ ಬಂತು. ಸಾವಿರ ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್. ಕಲಿಸುವ ಹೊಣೆ ಮಾತ್ರ ಹೊರಗುತ್ತಿಗೆಗೆ. ಗುತ್ತಿಗೆಯ ಅವಧಿ ತೀರಿದಾಗ ಕಲಿಸುವವರು ಹೋದರು, ಯಂತ್ರಗಳು ಉಳಿದವು. ಕೇರಳ ಆಗಲೇ ಬೇರೆ ದಾರಿ ಹಿಡಿದಿತ್ತು. ಐಟಿ ಅಟ್ ಸ್ಕೂಲ್ ಯೋಜನೆಯಲ್ಲಿ ಅವರು ಶಾಲೆಯ ಶಿಕ್ಷಕರನ್ನೇ ಸಜ್ಜುಗೊಳಿಸಿದರು. 2018ರಿಂದ ಅಲ್ಲಿ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕ್ಲಬ್ಬುಗಳಿವೆ. ಲ್ಯಾಬಿನ ಆರೈಕೆಯಲ್ಲಿ ಮಕ್ಕಳದ್ದೂ ಕೈ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಇದೇ ವ್ಯವಸ್ಥೆಯೊಳಗಿವೆ. ನಮ್ಮಲ್ಲೂ ಮುಂದೆ ತಂತ್ರಜ್ಞಾನದ ನೆರವಿನ ಕಲಿಕೆಗಾಗಿ ಬಂದ ಟ್ಯಾಲ್ಪ್ ಯೋಜನೆಯಡಿ ಶಿಕ್ಷಕರಿಗೇ ತರಬೇತಿ ಕೊಟ್ಟರು. ನಾನೂ ಹೋಗಿದ್ದೆ, ನಿಜಕ್ಕೂ ಕಲಿತೆ. ಮರಳಿ ಬಂದರೆ ಮೇಜಿನ ಮೇಲೆ ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಸ್ಯಾಟ್ಸ್ ತಂತ್ರಾಂಶದಲ್ಲಿ ತುಂಬಬೇಕಾದ ಮಕ್ಕಳ ಮಾಹಿತಿ, ಇವತ್ತೇ ಕಳಿಸಿ ಎಂಬ ಮೆಸೇಜುಗಳು. ಕಲಿತದ್ದನ್ನು ಜೊತೆಯವರಿಗೆ ಹೇಳಿಕೊಡಲು ಒಂದು ಪೀರಿಯಡ್ಡೂ ಬಿಡುವಾಗಲಿಲ್ಲ.

ಹಾಗಿದ್ದೂ ಒಂದು ಪಾಠ ನಡೆಯಿತು. ನಮ್ಮ ವಿಜ್ಞಾನದ ಮೇಷ್ಟ್ರು ಒಂಬತ್ತನೆಯವರಿಗೆ, ಗಣಿಯಲ್ಲಿ ದುಡಿದ ನಿಮ್ಮ ತಾತಂದಿರನ್ನು ಮಾತಾಡಿಸಿ, ಫೋನಿನಲ್ಲಿ ವಿಡಿಯೊ ಮಾಡಿ ಕಳಿಸಿ ಅಂದರು. ಭಾನುವಾರ ಫೋನು ಮನೆಯಲ್ಲೇ ಇರುತ್ತದಲ್ಲ! ಚಾಂಪಿಯನ್ ರೀಫಿನ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಅಲ್ಲಿ ಬಂಡೆ ಮುಟ್ಟಿದರೆ ಕೈ ಹೇಗೆ ಸುಡುತ್ತಿತ್ತು, ಮೇಲಿನಿಂದ ತಣ್ಣನೆಯ ಗಾಳಿ ಹೇಗೆ ಕಳಿಸುತ್ತಿದ್ದರು ಎಂದು ತಾತಂದಿರು ತಮಿಳಿನಲ್ಲಿ, ತೆಲುಗಿನಲ್ಲಿ ಹೇಳಿದರು. ಸೋಮವಾರ ಮೇಷ್ಟ್ರು ಆ ವಿಡಿಯೊಗಳನ್ನು ಪ್ರೊಜೆಕ್ಟರಿನಲ್ಲಿ ಹಾಕಿ, ಮಧ್ಯೆ ಮಧ್ಯೆ ನಿಲ್ಲಿಸಿ, ಮಕ್ಕಳಿಂದಲೇ ಕನ್ನಡಕ್ಕೆ ಹೇಳಿಸಿ, ಉಷ್ಣದ ಬಗ್ಗೆ ಮಾತಿಗೆಳೆದರು. ಇದೇ ಗಣಿಯ ಆಳದಲ್ಲಿ 1965ರಲ್ಲಿ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೊ ಕಣಗಳನ್ನು ಪತ್ತೆಹಚ್ಚಿದ್ದನ್ನೂ ಸೇರಿಸಿದರು. ಮನೆಮಾತು ಕನ್ನಡವಲ್ಲವೆಂದು ಹಿಂದಿನ ಬೆಂಚಿನಲ್ಲಿ ಮುದುಡಿ ಕೂರುತ್ತಿದ್ದ ಹುಡುಗಿ ಅವತ್ತು ಎದ್ದು ನಿಂತು ತಾತನ ಮಾತನ್ನು ಇಡೀ ತರಗತಿಗೆ ವಿವರಿಸಿದಳು. ದೂರದರ್ಶನದ ಚಂದನ ವಾಹಿನಿಯಲ್ಲಿ ಬಂದ ಪಾಠಗಳನ್ನು ನಾನು ಹಗುರ ಮಾಡುತ್ತಿಲ್ಲ, ಕೊರೊನಾ ಕಾಲದಲ್ಲಿ ಅವೇ ನಮ್ಮ ಕೈ ಹಿಡಿದವು. ಆದರೆ ಆ ಹುಡುಗಿ ಯಾವ ಮಾತಿಗೆ ತಲೆ ಎತ್ತುತ್ತಾಳೆ ಎಂಬುದು ಗೊತ್ತಿದ್ದದ್ದು ನಮ್ಮ ಮೇಷ್ಟ್ರಿಗೆ.

ಆಮೇಲೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು, ಇದಕ್ಕೆ ಯಾವ ಸುತ್ತೋಲೆಯಲ್ಲಿ ಅವಕಾಶವಿದೆ ಎಂದು ಕೇಳಿದರು. ನಾನು ಮೇಷ್ಟ್ರ ಪರವಾಗಿ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಅವರು ಮತ್ತೆ ಅಂಥ ಪಾಠ ಮಾಡಲಿಲ್ಲ.

ಹೊಸ ಯಂತ್ರ ಕಳಿಸಿ ಎಂದು ನಾನು ಕೇಳುತ್ತಿಲ್ಲ. ಮಕ್ಕಳು ಬಳಸಿ ಸವೆದ, ಕೆಟ್ಟ ಸಾಮಾನಿನ ಹೊರೆ ಮುಖ್ಯ ಶಿಕ್ಷಕರ ಸಂಬಳ, ಪಿಂಚಣಿಯ ಮೇಲೆ ಬೀಳದಂತೆ ಲಿಖಿತ ಆದೇಶ ಹೊರಡಿಸಿ. ತಮ್ಮ ಅಧಿಕಾರದಲ್ಲಿಲ್ಲದಿದ್ದರೆ ಸರಕಾರಕ್ಕೆ ಬರೆಯಿರಿ. ಪ್ರಭಾರ ಮುಖ್ಯ ಶಿಕ್ಷಕರ ಮೇಲೇ ನಡೆಯುತ್ತಿರುವ ಶಾಲೆಗಳಿಗೆ ಕಾಯಂ ಮುಖ್ಯಸ್ಥರನ್ನು ಕೊಡಿಸಿ. ಇಂದೋ ನಾಳೆಯೋ ಚಾರ್ಜ್ ಬಿಟ್ಟುಕೊಡಬೇಕಾದವರು ಲ್ಯಾಬ್ ತೆರೆಯುವ ಧೈರ್ಯ ಮಾಡಲಾರರು. ವಾರಕ್ಕೆ ಒಂದು ಮಧ್ಯಾಹ್ನವಾದರೂ ಯಾವ ಮಾಹಿತಿಯನ್ನೂ ಕೇಳಬೇಡಿ, ಶಿಕ್ಷಕರು ಒಟ್ಟಿಗೆ ಕೂತು ಪಾಠ ಕಟ್ಟಲಿ. ಸಂಜೆ ರೈಲು ಬರುವ ತನಕ ಲ್ಯಾಬ್ ತೆರೆದಿಡಲು ಮನಸ್ಸಿರುವ ಶಾಲೆಗೆ ಒಪ್ಪಿಗೆಯ ಜೊತೆಗೆ ನೋಡಿಕೊಳ್ಳುವವರೊಬ್ಬರನ್ನೂ ಕೊಡಿ.

ಮುಂದಿನ ಸಲ ಇತ್ತ ಶಾಲಾ ಭೇಟಿಗೆ ಬಂದಾಗ ದಾಸ್ತಾನು ಪುಸ್ತಕ ತರಿಸುವ ಮೊದಲು ಲ್ಯಾಬಿಗೆ ಹೋಗಿ, ಕೀಬೋರ್ಡುಗಳ ಮೇಲಿನ ಅಕ್ಷರಗಳನ್ನು ನೋಡಿ. ಅಳಿಸಿಹೋಗಿದ್ದರೆ ಅಲ್ಲಿಯ ಮುಖ್ಯ ಶಿಕ್ಷಕರನ್ನು ಮಕ್ಕಳ ಎದುರಿಗೇ ಮೆಚ್ಚಿ ಮಾತಾಡಿ.

ತಮ್ಮ ವಿಶ್ವಾಸಿ,
ಮಾರಿಕುಪ್ಪಂನ ಒಬ್ಬ ನಿವೃತ್ತ ಮುಖ್ಯ ಶಿಕ್ಷಕಿ