ಹೆಸರು ಕನ್ನಡದಲ್ಲಿದ್ದರೆ ವಿಪಿಎನ್ ಸಾಯಬೇಕೆ?

ಮಡಿಕೇರಿಯಲ್ಲಿ ಪ್ರೆಸ್ಸು ಇಟ್ಟುಕೊಂಡು ಮದುವೆ ಕಾಗದ, ಬಿಲ್ ಪುಸ್ತಕ ಅಚ್ಚು ಹಾಕುವವನು ನಾನು. ಓದಿದ್ದು ಪಿಯುಸಿ. ಕಂಪ್ಯೂಟರ್ ಪಂಡಿತನಲ್ಲ. ಆದರೂ ಈ ಮಾತನ್ನು ನಿಮಗೆ ಹೇಳಲೇಬೇಕು.

ನನ್ನ ತಂಗಿಯ ಮಗ ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮನೆಯಿಂದಲೇ ಮಾಡುತ್ತಾನೆ. ಹೋದ ಮಳೆಗಾಲದಲ್ಲಿ ಹೊಸ ಲ್ಯಾಪ್‌ಟಾಪ್ ತಂದ. ಅದು ಹೆಸರು ಕೇಳಿತು, ಹುಡುಗ ಅಭಿಮಾನದಿಂದ ಕನ್ನಡದಲ್ಲೇ ಬರೆದ. ಮರುದಿನ ಕಂಪನಿಯ ವಿಪಿಎನ್ ಒತ್ತಿದರೆ ಕಿಟಕಿ ಒಮ್ಮೆ ಮಿಂಚಿ ಮಾಯ! ಹತ್ತು ಸಲ ಒತ್ತಿದರೂ ಅದೇ ಕಥೆ. ವಿಪಿಎನ್ ಎಂದರೆ ಮನೆಗೂ ಕಂಪನಿಗೂ ನಡುವೆ ಬೀಗ ಹಾಕಿದ ಓಣಿ. ಅದು ತೆರೆಯದಿದ್ದರೆ ಆ ದಿನದ ಕೆಲಸವಿಲ್ಲ.

"ಮಾವ, ಕರೆಂಟು, ನೆಟ್‌ವರ್ಕು ಎರಡೂ ಇದ್ದ ದಿನವೇ ಇದು ಕೈಕೊಟ್ಟಿತಲ್ಲ!" ಎಂದು ಪ್ರೆಸ್ಸಿಗೆ ಬಂದ. ಮಳೆಗಾಲದ ಕೊಡಗು ಕಂಡವರಿಗೆ ಅವನ ಸಂಕಟ ಗೊತ್ತು.

ಇಬ್ಬರೂ ಕೂತು ಪ್ರೋಗ್ರಾಂನ ಲಾಗ್ ಫೈಲು ತೆರೆದೆವು. ಅವನ ಹೆಸರಿದ್ದ ಜಾಗದಲ್ಲಿ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ! ಗುಟ್ಟು ಅಲ್ಲೇ ಇತ್ತು. ವಿಂಡೋಸ್ ನಿಮ್ಮ ಹೆಸರಿನಲ್ಲೇ ಒಂದು ಫೋಲ್ಡರ್ ಮಾಡುತ್ತದೆ. ಯೂನಿಕೋಡ್ ಬಳಸುವ ಪ್ರೋಗ್ರಾಂಗೆ ಅದು ಸರಿಯಾಗಿ ಕಾಣುತ್ತದೆ. ಹಳೆಯ ಪದ್ಧತಿಯಲ್ಲಿ ಬರೆದ ಪ್ರೋಗ್ರಾಂಗಳು ಹಳೆಯ ಕೋಡ್ ಪೇಜನ್ನು ನೋಡುತ್ತವೆ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಅಂಥ ಕೋಡ್ ಪೇಜೇ ಇಲ್ಲ. ಅಕ್ಷರಗಳೆಲ್ಲ ಪ್ರಶ್ನಾರ್ಥಕವಾಗುತ್ತವೆ, ಫೋಲ್ಡರ್ ಸಿಗುವುದಿಲ್ಲ, ಪ್ರೋಗ್ರಾಂ ಕುಸಿದು ಬೀಳುತ್ತದೆ.

ನಿಮಗೂ ಹೀಗಾದರೆ ಮೊದಲು ಇಂಗ್ಲಿಷ್ ಅಕ್ಷರದ ಹೆಸರಿನಲ್ಲಿ ಇನ್ನೊಂದು ಲೋಕಲ್ ಅಕೌಂಟ್ ಮಾಡಿ ವಿಪಿಎನ್ ಒತ್ತಿ ನೋಡಿ. ತೆರೆದರೆ ಕಳ್ಳ ಸಿಕ್ಕಿದ. ಹಳೇ ಅಕೌಂಟಿನ ಹೆಸರನ್ನು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬದಲಿಸಿ ಪ್ರಯೋಜನವಿಲ್ಲ, ಫೋಲ್ಡರಿನ ಹೆಸರು ಹಾಗೇ ಉಳಿಯುತ್ತದೆ. ಹೊಸ ಅಕೌಂಟಿಗೆ ಕಡತಗಳನ್ನು ಸಾಗಿಸಿ. ಆಮೇಲೆ ಅದರ ಹೆಸರನ್ನು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕನ್ನಡಕ್ಕೆ ಬದಲಿಸಿಕೊಳ್ಳಿ. ಫೋಲ್ಡರ್ ಇಂಗ್ಲಿಷಿನಲ್ಲೇ ಇರುತ್ತದೆ, ಪರದೆಯ ಮೇಲೆ ನಿಮ್ಮ ಹೆಸರು ಕನ್ನಡದಲ್ಲಿ ಬೆಳಗುತ್ತದೆ! ನಮ್ಮ ಹುಡುಗ ಮಾಡಿದ್ದು ಇದನ್ನೇ.

2018ರಿಂದ ವಿಂಡೋಸ್‌ನಲ್ಲಿ ಯುಟಿಎಫ್-8 ಆಯ್ಕೆಯೂ ಇದೆ. ಆದರೆ ಅದು ಬೀಟಾ, ಹಳೆಯ ಪ್ರೋಗ್ರಾಂಗಳನ್ನು ಕೆಡಿಸಬಹುದು. ಪ್ರೆಸ್ಸಿನವರು ಮುಟ್ಟದಿರುವುದೇ ಲೇಸು. ಹೊಸ ಅಕೌಂಟಿನಲ್ಲೂ ವಿಪಿಎನ್ ಸತ್ತರೆ ತಪ್ಪು ಬೇರೆ ಕಡೆ ಇದೆ: ಕೆಟ್ಟ ನೆಟ್‌ವರ್ಕ್ ಡ್ರೈವರ್, ಹಾಳಾದ ಸೆಟ್ಟಿಂಗ್ ಫೈಲು, ಇನ್ನೊಂದು ವಿಪಿಎನ್‌ನ ಜಗಳ. ಪೂರ್ತಿ ತೆಗೆದು, ಕಂಪ್ಯೂಟರ್ ಮರುಚಾಲೂ ಮಾಡಿ ಮತ್ತೆ ಹಾಕಿ. ಕಂಪನಿಯ ಕಂಪ್ಯೂಟರಾದರೆ ಅವರನ್ನು ಕೇಳಿಯೇ ಕೈ ಹಾಕಿ.

ಇಷ್ಟಕ್ಕೆ ಸುಮ್ಮನಾಗೋಣವೇ? ಕೂಡದು! ಇದು ತೇಪೆ, ಪರಿಹಾರವಲ್ಲ. 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಅಕ್ಷರ ಬಂದಿದೆ. ಇಷ್ಟು ವರ್ಷವಾದ ಮೇಲೂ "ಹೆಸರು ಇಂಗ್ಲಿಷಿನಲ್ಲಿಡಿ" ಎನ್ನುವುದು ಸೋಮಾರಿತನವಲ್ಲದೆ ಇನ್ನೇನು?

ನನ್ನ ತಂದೆಯ ಟ್ರೆಡಲ್ ಕಾಲದಲ್ಲಿ ಮೊಳೆ ಜೋಡಿಸುವಾಗ ಎಷ್ಟೋ ಸಲ ಒತ್ತಕ್ಷರ ಸಾಲುತ್ತಿರಲಿಲ್ಲ. ಆಗ ಮೈಸೂರಿನಿಂದ ಮೊಳೆ ತರಿಸುತ್ತಿದ್ದರು. ಮದುಮಗಳ ಹೆಸರು ಬದಲಿಸಿ ಎಂದು ಗಿರಾಕಿಗೆ ಒಂದು ದಿನವೂ ಹೇಳಲಿಲ್ಲ!

ಬೆಂಗಳೂರಿನಲ್ಲಿ ಕೂತು ಇಂಥ ಪ್ರೋಗ್ರಾಂ ಬರೆಯುವವರಲ್ಲಿ, ಪರೀಕ್ಷಿಸುವವರಲ್ಲಿ ನೀವೂ ಇದ್ದೀರಿ. ನಿಮ್ಮ ಮುಂದಿನ ಪರೀಕ್ಷೆಯಲ್ಲಿ ಒಂದು ಅಕೌಂಟಿಗೆ ಕನ್ನಡದ ಹೆಸರಿಡಿ. ಕುಸಿದರೆ ದೋಷವೆಂದು ದಾಖಲಿಸಿ, ಲಾಗ್ ಸಮೇತ ಕಳಿಸಿ. ಬಳಕೆದಾರರಾದರೆ ದೂರು ಬರೆಯಿರಿ. ದೂರೇ ಬಾರದಿದ್ದರೆ, ಕನ್ನಡದಲ್ಲಿ ಹೆಸರು ಬರೆಯುವವರೇ ಇಲ್ಲವೆಂದು ಅವರು ತಿಳಿಯುತ್ತಾರೆ.

ಇದ್ದೇವೆ ಎಂದು ತೋರಿಸಬೇಕಾದವರು ನೀವೇ ಅಲ್ಲವೇ?