ಸುಹಾಸ್ ಯತಿರಾಜ್ ಅವರ ಎರಡು ಬೆಳ್ಳಿ, ನಮ್ಮ ಸಂಘದ ಒಂದು ಅಂಗಣ

2024ರ ಸೆಪ್ಟೆಂಬರ್ 2ರಂದು ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಎರಡು ಬ್ಯಾಡ್ಮಿಂಟನ್ ಫೈನಲ್‌ಗಳು ನಮ್ಮಂತಹ ಬ್ರಿಟನ್ ನಿವಾಸಿ ಕನ್ನಡಿಗರಿಗೆ ವಿಶೇಷವಾಗಿದ್ದವು. ಒಂದರಲ್ಲಿ ಇಂಗ್ಲೆಂಡಿನ ಡೇನಿಯಲ್ ಬೆಥೆಲ್ ಭಾರತದ ನಿತೇಶ್ ಕುಮಾರ್ ಅವರೆದುರು ಮೂರನೆಯ ಗೇಮನ್ನು 21-23ರಲ್ಲಿ ಕಳೆದುಕೊಂಡರು. ಇನ್ನೊಂದರಲ್ಲಿ ಹಾಸನದಲ್ಲಿ ಜನಿಸಿದ, ಸುರತ್ಕಲ್ಲಿನ ಎನ್‌ಐಟಿಯಲ್ಲಿ ಓದಿದ ಸುಹಾಸ್ ಯತಿರಾಜ್, ಫ್ರಾನ್ಸಿನ ಲುಕಾಸ್ ಮಜೂರ್ ಅವರಿಗೆ 9-21, 13-21ರಲ್ಲಿ ಮಣಿದರು. ಮೂರು ವರ್ಷ ಹಿಂದೆ ಟೋಕಿಯೋದಲ್ಲಿಯೂ ಇವರಿಬ್ಬರ ಕೊರಳಿಗೆ ಬಿದ್ದದ್ದು ಬೆಳ್ಳಿಯೇ. ಅಲ್ಲಿಯೂ ಬೆಥೆಲ್ ಸೋತದ್ದು ಭಾರತೀಯರೊಬ್ಬರಿಗೆ, ಸುಹಾಸ್ ಸೋತದ್ದು ಇದೇ ಮಜೂರ್ ಅವರಿಗೆ.

ಆ ಸಂಜೆ ನಮ್ಮ ವಾಟ್ಸ್ಯಾಪ್ ಬಳಗಗಳಲ್ಲಿ ಹರಿದಾಡಿದ ಅಭಿನಂದನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಂಡಿತು: ‘ಅಂಗವೈಕಲ್ಯವನ್ನು ಮೆಟ್ಟಿ ನಿಂತ ನಮ್ಮ ಕನ್ನಡಿಗ’. ಸದುದ್ದೇಶದ ಮಾತು, ನಿಜ. ಆದರೆ ವೈದ್ಯವೃತ್ತಿಯಲ್ಲಿರುವ ನಮಗೆ ಅದು ಸರಿಯೆನಿಸುವುದಿಲ್ಲ. ಸುಹಾಸ್ ಅವರಿಗೆ ಹುಟ್ಟಿನಿಂದಲೇ ಒಂದು ಕಾಲಿನ ಹರಡಿನಲ್ಲಿ ಊನವಿದೆ. ಪದಕ ಬಂದ ಮರುದಿನವೂ ಅದು ಹಾಗೆಯೇ ಇತ್ತು. ಬ್ಯಾಡ್ಮಿಂಟನ್‌ನಲ್ಲಿ ಹರಡಿನ ಪಾತ್ರವೇನೆಂದು ಆಡಿದವರೆಲ್ಲ ಬಲ್ಲರು. ನೆಟ್‌ನ ಬಳಿಗೆ ಚಾಚಿಟ್ಟ ಹೆಜ್ಜೆಯನ್ನು ಹಿಂದಕ್ಕೆಳೆದುಕೊಳ್ಳುವುದು, ಹಿಂಬದಿಯ ಮೂಲೆಯಿಂದ ಮರಳಿ ನಡುವಿಗೆ ಬರುವುದು, ಮೇಲಕ್ಕೆ ಚಿಮ್ಮುವುದು, ಎಲ್ಲಕ್ಕೂ ಮೊದಲ ಒತ್ತು ದೊರೆಯುವುದು ಅಲ್ಲಿಂದ. ಅಂತಹ ಊನವನ್ನು ಯಾರೂ ಛಲದಿಂದ ಮಾಯ ಮಾಡಲಾರರು. ಅದನ್ನು ಅಳೆದು, ದಾಖಲಿಸಿ, ಅದಕ್ಕೆ ಸರಿಹೊಂದುವ ಎದುರಾಳಿಯನ್ನು ಒದಗಿಸಿಕೊಡಬಹುದು. ಈ ಕ್ರೀಡೆ ಮಾಡಿರುವುದು ಅದನ್ನೇ.

ಪ್ಯಾರಾ ಬ್ಯಾಡ್ಮಿಂಟನ್‌ನಲ್ಲಿ ಆರು ವರ್ಗಗಳಿವೆ: ಗಾಲಿಕುರ್ಚಿಯ ಆಟಗಾರರಿಗೆ ಎರಡು, ನಿಂತು ಆಡುವವರಲ್ಲಿ ಕಾಲಿನ ಊನವುಳ್ಳವರಿಗೆ ಎರಡು, ಕೈಯ ಊನವುಳ್ಳವರಿಗೆ ಒಂದು, ಕುಬ್ಜ ದೇಹದವರಿಗೆ ಒಂದು. ಪರೀಕ್ಷಕರು ಸ್ನಾಯುಬಲವನ್ನೂ ಕೀಲುಗಳ ಚಲನೆಯನ್ನೂ ಅಳೆಯುತ್ತಾರೆ, ಆಟವಾಡುವಾಗಲೂ ಗಮನಿಸುತ್ತಾರೆ. ಸುಹಾಸ್ ಅವರದು ಎಸ್‌ಎಲ್4, ಪೂರ್ಣ ಅಂಗಣದ ಸಿಂಗಲ್ಸ್. ಸೆರೆಬ್ರಲ್ ಪಾಲ್ಸಿಯುಳ್ಳ ಬೆಥೆಲ್ ಅವರದೂ, ರೈಲು ಅಪಘಾತದಲ್ಲಿ ಕಾಲು ಕಳೆದುಕೊಂಡ ನಿತೇಶ್ ಅವರದೂ ಎಸ್‌ಎಲ್3. ಇಲ್ಲಿ ಸಿಂಗಲ್ಸ್ ನಡೆಯುವುದು ಅಂಗಣದ ಅರ್ಧಭಾಗದಲ್ಲಿ. ನೆಟ್‌ನ ಎತ್ತರ, ರ‍್ಯಾಕೆಟ್, ಶಟಲ್, 21 ಅಂಕದ ಗೇಮು ಯಾವುದೂ ಬದಲಾಗಿಲ್ಲ. ಆ ಅರ್ಧ ಅಂಗಣದ ಫೈನಲನ್ನು ಕಂಡವರು ಅದನ್ನು ಅರ್ಧ ಆಟವೆಂದು ಕರೆಯಲಾರರು.

ಸುಹಾಸ್ ಅವರ ವೃತ್ತಿಪಥವನ್ನು ಈ ಬೆಳಕಿನಲ್ಲಿ ನೋಡಬೇಕು. ಅವರು ಉತ್ತರ ಪ್ರದೇಶ ಕೇಡರಿನ 2007ರ ತಂಡದ ಐಎಎಸ್ ಅಧಿಕಾರಿ. ಅಂತರರಾಷ್ಟ್ರೀಯ ಪದಕ ಮೊದಲು ಬಂದದ್ದು 2016ರಲ್ಲಿ, ಬೀಜಿಂಗ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನ ಚಿನ್ನದ ರೂಪದಲ್ಲಿ. ಆಗ ಅವರು ಆಜಂಗಢದ ಜಿಲ್ಲಾಧಿಕಾರಿ, ವಯಸ್ಸು 33. ಸಾಮಾನ್ಯ ಬ್ಯಾಡ್ಮಿಂಟನ್‌ನಲ್ಲಿ ಬಹುಮಂದಿ ನಿವೃತ್ತಿಯ ಲೆಕ್ಕ ಹಾಕುವ ವಯಸ್ಸದು. ಕೋವಿಡ್ ಹಬ್ಬಿದ 2020ರ ಮಾರ್ಚ್‌ನಲ್ಲಿ ಅವರನ್ನು ನೋಯಿಡಾ ಒಳಗೊಂಡ ಗೌತಮ ಬುದ್ಧ ನಗರ ಜಿಲ್ಲೆಗೆ ಕಳುಹಿಸಲಾಯಿತು. ಹಗಲೆಲ್ಲ ಸೋಂಕಿನ ನಿರ್ವಹಣೆ, ಅಭ್ಯಾಸಕ್ಕೆ ಉಳಿದದ್ದು ರಾತ್ರಿ. ಟೋಕಿಯೋ ಫೈನಲಿನಲ್ಲಿ ಮೊದಲ ಗೇಮನ್ನು 21-15ರಲ್ಲಿ ಗೆದ್ದು, ಮುಂದಿನ ಎರಡನ್ನು 17-21, 15-21ರಲ್ಲಿ ಬಿಟ್ಟುಕೊಟ್ಟರು. ಬಳಿಕ ಹಾಂಗ್‌ಝೌನ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಚಿನ್ನ, 2024ರಲ್ಲಿ ಪಟ್ಟಾಯದಲ್ಲಿ ವಿಶ್ವ ಚಾಂಪಿಯನ್ ಪಟ್ಟ.

ಇಷ್ಟನ್ನು ಹೇಳಿ ‘ನೋಡಿ ಕಲಿಯಿರಿ’ ಎಂದು ಮಕ್ಕಳತ್ತ ತಿರುಗುವುದು ಸುಲಭ. ನಾವು ಹಾಗೆ ಮಾಡಲಾರೆವು. ಜಿಲ್ಲಾಧಿಕಾರಿಗೆ ರಾತ್ರಿ ಹತ್ತು ಗಂಟೆಗೆ ಅಂಗಣದ ಬಾಗಿಲು ತೆರೆಯುವುದು ಕಷ್ಟವಲ್ಲ; ಎಲ್ಲರಿಗೂ ಆ ಅನುಕೂಲವಿರುವುದಿಲ್ಲ. ಊನವುಳ್ಳ ಮಗು ಗೌರವ ಪಡೆಯಲು ಐಎಎಸ್ಸನ್ನೂ ಮುಗಿಸಿ ಪದಕವನ್ನೂ ತರಬೇಕೆಂಬ ಷರತ್ತು ಕ್ರೂರವಾದುದು. ನಾವು ಹೆಸರುಗಳನ್ನು ಬದಲಿಸುವುದರಲ್ಲಿ ಮುಂದಿದ್ದೇವೆ. ಅಂಗವಿಕಲ ಎನ್ನುವುದು ವಿಕಲಚೇತನವಾಯಿತು, ವಿಶೇಷಚೇತನವಾಯಿತು. ಚೇತನಕ್ಕೇನಾಗಿದೆ ಎಂದು ಆ ಮಕ್ಕಳು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಅವರಿಗೆ ಬೇಕಾದದ್ದು ಹೊಸ ಹೆಸರಲ್ಲ, ವಾರಕ್ಕೊಮ್ಮೆ ಆಡಲು ಒಂದು ತಾಣ, ಸಮಬಲದ ಒಬ್ಬ ಜೊತೆಗಾರ.

ಈಗ ನಮ್ಮ ಮನೆಯ ವಿಷಯ. ಸಂಘದ ವಾರ್ಷಿಕ ಬ್ಯಾಡ್ಮಿಂಟನ್ ಪಂದ್ಯಾವಳಿಯಲ್ಲಿ ಪುರುಷರು, ಮಹಿಳೆಯರು, ಮಿಶ್ರ ಡಬಲ್ಸ್, ಹದಿನಾರರ ಒಳಗಿನವರು, ನಲವತ್ತು ದಾಟಿದವರು ಎಂದೆಲ್ಲ ವಿಭಾಗಗಳಿವೆ. ನಲವತ್ತು ದಾಟಿದವರಿಗೆ ಪ್ರತ್ಯೇಕ ವಿಭಾಗ ಮಾಡಿದಾಗ ಯಾರೂ ಅದನ್ನು ಕರುಣೆ ಎನ್ನಲಿಲ್ಲ. ಮೊಣಕಾಲು ಇಪ್ಪತ್ತರಂತೆ ಇಲ್ಲವೆಂದು ಒಪ್ಪಿದೆವು, ಅಷ್ಟೆ. ಊನವುಳ್ಳವರಿಗಾಗಿ ಮಾತ್ರ ಇಂದಿಗೂ ಒಂದು ಸಾಲಿಲ್ಲ. ‘ನಮ್ಮಲ್ಲಿ ಅಂತಹ ಮಕ್ಕಳೆಲ್ಲಿದ್ದಾರೆ’ ಎಂಬ ಪ್ರಶ್ನೆ ಸಮಿತಿಯಲ್ಲಿ ಬಂದೇ ಬರುತ್ತದೆ. ಇದ್ದಾರೆ. ಸಮುದಾಯದ ಕುಟುಂಬಗಳೊಡನೆ ವೈದ್ಯರಾಗಿ ಮಾತನಾಡುವ ನಮಗೆ ಅದು ತಿಳಿದಿದೆ. ರಾಜ್ಯೋತ್ಸವಕ್ಕೆ ಅಣ್ಣನನ್ನು ಕರೆತಂದು ತಂಗಿಯನ್ನು ಅಜ್ಜಿಯ ಜೊತೆ ಮನೆಯಲ್ಲಿ ಬಿಟ್ಟು ಬರುವ ತಂದೆತಾಯಿ ಇದ್ದಾರೆ. ‘ಫಿಸಿಯೋಥೆರಪಿ ಮುಗಿಯಲಿ, ಆಮೇಲೆ ಆಟ’ ಎನ್ನುವವರಿದ್ದಾರೆ. ಕೆಲವು ಸ್ಥಿತಿಗಳಲ್ಲಿ ಆ ‘ಆಮೇಲೆ’ ಬರುವುದೇ ಇಲ್ಲ. ಜೀವನಪರ್ಯಂತ ಇರುವ ಊನವನ್ನು ವಾಸಿಯಾಗುವ ಕಾಯಿಲೆಯಂತೆ ಕಾಯುತ್ತ ಕುಳಿತರೆ ಕಳೆದುಹೋಗುವುದು ಬಾಲ್ಯ. ಯಾವ ಮಗುವಿಗೆ ಎಷ್ಟು ಶ್ರಮ ತಕ್ಕದ್ದೆಂಬುದನ್ನು ಅವರವರ ವೈದ್ಯರು, ಫಿಸಿಯೋಥೆರಪಿಸ್ಟರು ಹೇಳಲಿ; ಬಹುಪಾಲು ಮಕ್ಕಳಿಗೆ ಆಟ ಬೇಡವೆಂದು ಅವರು ಹೇಳುವುದಿಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನಮ್ಮ ಬೇಡಿಕೆ ಸಣ್ಣದು. ಈ ವರ್ಷದ ಅರ್ಜಿಯಲ್ಲಿ ‘ಅರ್ಧ ಅಂಗಣದ ಸಿಂಗಲ್ಸ್’ ಎಂಬ ಒಂದು ಸಾಲನ್ನು ಸೇರಿಸಿ. ವೈದ್ಯಕೀಯ ಪ್ರಮಾಣಪತ್ರ ಕೇಳಬೇಡಿ. ಸ್ನೇಹಪಂದ್ಯಕ್ಕೆ ಅದು ಅನಗತ್ಯ, ಮತ್ತು ಕಾಗದ ಕೇಳಿದೊಡನೆ ಅರ್ಧದಷ್ಟು ಕುಟುಂಬಗಳು ಹಿಂದೆ ಸರಿಯುತ್ತವೆ. ಆಡಬೇಕೆಂದು ಮಗುವೇ ಹೇಳಿದರೆ ಸಾಕು. ಹಿರಿಯರಿಗೂ ಇದು ತೆರೆದಿರಲಿ. ಪಾರ್ಶ್ವವಾಯುವಿನ ಬಳಿಕ ರ‍್ಯಾಕೆಟನ್ನು ಅಟ್ಟಕ್ಕೆ ಹಾಕಿದವರು ನಮ್ಮಲ್ಲಿದ್ದಾರೆ. ಸಭಾಂಗಣಕ್ಕೆ ಗಾಲಿಕುರ್ಚಿ ಬರುವ ದಾರಿಯನ್ನೂ ಶೌಚಾಲಯವನ್ನೂ ಬಾಡಿಗೆಗೆ ಪಡೆಯುವ ಮೊದಲೇ ಒಬ್ಬ ಸ್ವಯಂಸೇವಕರು ಹೋಗಿ ನೋಡಿಬರಲಿ.

ಖರ್ಚಿನ ಮಾತು ಬಂದರೆ, ಅಂಗಣದ ಮಧ್ಯರೇಖೆ ಹಿಂಬದಿಯ ಗೆರೆಯಿಂದ ಸರ್ವಿಸ್ ಗೆರೆಯವರೆಗೆ ಈಗಾಗಲೇ ಬರೆದೇ ಇದೆ. ಅಲ್ಲಿಂದ ನೆಟ್‌ವರೆಗಿನ ತುಣುಕಿಗೆ ಮಾತ್ರ ಒಂದಿಷ್ಟು ಟೇಪ್ ಬೇಕು. ಅದನ್ನು ನಾವೇ ತರುತ್ತೇವೆ.